ಬೆಲೆ ಅದೇ, ಪೊಟ್ಟಣ ಮಾತ್ರ ಸಣ್ಣದು!

"ಹೋದ ವಾರ ತಾನೇ ತಂದದ್ದು? ಇಷ್ಟು ಬೇಗ ಮುಗಿದೇ ಹೋಯ್ತೆ?"

ಈ ಮಾತು ಕೇಳದ ಗೃಹಿಣಿ ನಮ್ಮಲ್ಲಿ ಯಾರಿದ್ದಾರೆ ಹೇಳಿ. ಟೀ ಪುಡಿ ತಳ ಕಂಡಾಗ, ಎಣ್ಣೆ ತೀರಿದಾಗ, ಬಚ್ಚಲುಮನೆಯ ಸೋಪು ಕರಗಿ ಎಲೆಯಂತಾದಾಗ, ಯಜಮಾನರಿಂದಲೋ ಅತ್ತೆಯವರಿಂದಲೋ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರ ದನಿಯಲ್ಲಿ ಕೋಪವಿರಬೇಕೆಂದೇನೂ ಇಲ್ಲ. ಆದರೂ ಜವಾಬು ಹೇಳಬೇಕಾದವರು ನಾವೇ. ಜೊತೆಗೆ "ಕೈ ಸ್ವಲ್ಪ ಹಿಡಿತದಲ್ಲಿರಲಿ" ಎಂಬ ಬುದ್ಧಿಮಾತು ಬೇರೆ. ಮನೆ ನಡೆಸುವವಳ ಮಿತವ್ಯಯದ ಮೇಲೆ ಸಣ್ಣದೊಂದು ಅನುಮಾನ ಬಿದ್ದಹಾಗೇ ಸರಿ.

ಆದರೆ ಅಳತೆ ತಪ್ಪಿದ್ದು ನಮ್ಮ ಕೈಯೋ, ಅಂಗಡಿಯಿಂದ ಬಂದ ಪೊಟ್ಟಣವೋ? ಇದನ್ನು ವಿಚಾರಿಸಿ ನೋಡಿದವರು ಕಡಿಮೆ. ಒಂದು ಪೊಟ್ಟಣ ಸುರಿದರೆ ಕಂಠದವರೆಗೆ ತುಂಬುತ್ತಿದ್ದ ಡಬ್ಬಿಯಲ್ಲಿ ಈಗ ಮೇಲೆ ಎರಡು ಬೆರಳು ಖಾಲಿ ಉಳಿಯುತ್ತಿದ್ದರೆ, ಡಬ್ಬಿ ಬೆಳೆದಿಲ್ಲವಷ್ಟೆ!

ಬೆಲೆ ಏರಿಸುವುದಕ್ಕೆ ಎರಡು ದಾರಿ ಇವೆ. ಒಂದು, ಪೊಟ್ಟಣದ ಮೇಲಿನ ರೂಪಾಯಿ ಹೆಚ್ಚಿಸುವುದು. ಅದು ಎಲ್ಲರ ಕಣ್ಣಿಗೆ ಬೀಳುತ್ತದೆ, ಬೀದಿಯಲ್ಲಿ ಮಾತಾಗುತ್ತದೆ. ಇನ್ನೊಂದು, ರೂಪಾಯಿಯನ್ನು ಹಾಗೇ ಬಿಟ್ಟು ಒಳಗಿನ ತೂಕವನ್ನು ಇಳಿಸುವುದು. ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಇಂಗ್ಲಿಷ್ ಪತ್ರಿಕೆಗಳು ಇದಕ್ಕೆ 'ಶ್ರಿಂಕ್‌ಫ್ಲೇಶನ್' ಎಂದು ಹೆಸರಿಟ್ಟಿವೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಬೆಲೆ ನಿಂತಲ್ಲೇ ನಿಂತು ಪೊಟ್ಟಣ ಬಡವಾಗುವುದು.

2022ನೇ ಇಸವಿಯ ಬೇಸಿಗೆಯನ್ನು ನೆನಪಿಸಿಕೊಳ್ಳಿ. ಕೊರೋನಾ ಕಾಲದಲ್ಲಿ, ಅಂದರೆ 2020-21ರಲ್ಲಿ, ದೇಶದ ಆರ್ಥಿಕತೆಯೇ ಕುಗ್ಗಿ ಎಷ್ಟೋ ಮನೆಗಳಲ್ಲಿ ಸಂಬಳ ಕಡಿತವಾಗಿತ್ತು, ಎಷ್ಟೋ ಸಣ್ಣ ಅಂಗಡಿಗಳು ಬಾಗಿಲು ಹಾಕಿದ್ದವು. ಅದರಿಂದ ಇನ್ನೂ ಸುಧಾರಿಸಿಕೊಳ್ಳುತ್ತಿರುವಾಗಲೇ 2022ರ ಫೆಬ್ರವರಿಯಲ್ಲಿ ರಷ್ಯಾ-ಯುಕ್ರೇನ್ ಯುದ್ಧ ಶುರುವಾಗಿ ಸೂರ್ಯಕಾಂತಿ ಎಣ್ಣೆ ಬರುವುದು ಕಷ್ಟವಾಯಿತು. ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ತಾಳೆ ಎಣ್ಣೆಯ ರಫ್ತನ್ನು ಕೆಲವು ವಾರ ನಿಲ್ಲಿಸಿತು. ಅದೇ ಏಪ್ರಿಲ್ ತಿಂಗಳಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇಕಡಾ 7.79ಕ್ಕೆ ಏರಿತು, ಎಂಟು ವರ್ಷಗಳಲ್ಲಿ ಅಷ್ಟು ಏರಿರಲಿಲ್ಲ. "ತಾಳೆ ಎಣ್ಣೆಗೂ ನಮಗೂ ಏನು ಸಂಬಂಧ? ನಾವು ಕಡಲೆಕಾಯಿ ಎಣ್ಣೆ ಬಳಸೋದು" ಎನ್ನಬೇಡಿ. ಬಿಸ್ಕತ್ತಿನಲ್ಲಿ, ಪೊಟ್ಟಣದ ಖಾರದ ತಿಂಡಿಯಲ್ಲಿ, ಸೋಪಿನಲ್ಲಿ ಕೂಡ ಇರುವುದು ಇದೇ ತಾಳೆ ಎಣ್ಣೆ.

ಆಗ ಕಂಪೆನಿಗಳು ಏನು ಮಾಡಿದವು? ಐದು ರೂಪಾಯಿಯ ಪಾರ್ಲೆ-ಜಿ ಪೊಟ್ಟಣ 64 ಗ್ರಾಂನಿಂದ 55 ಗ್ರಾಂಗೆ ಇಳಿದದ್ದು ಆ ವರ್ಷ ಪತ್ರಿಕೆಗಳಲ್ಲೇ ವರದಿಯಾಯಿತು. ಹತ್ತು ರೂಪಾಯಿಯ ಪಾತ್ರೆ ತೊಳೆಯುವ ಸೋಪಿಗೂ, ಹತ್ತು ರೂಪಾಯಿಯ ಭುಜಿಯಾ ಪೊಟ್ಟಣಕ್ಕೂ ಇದೇ ಗತಿ. ಕಂಪೆನಿಗಳ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಮಗು ಕೈಯಲ್ಲಿ ಐದು ರೂಪಾಯಿ ನಾಣ್ಯ ಹಿಡಿದು ಅಂಗಡಿಗೆ ಹೋಗುತ್ತದೆ. ಪೊಟ್ಟಣಕ್ಕೆ ಐದು ರೂಪಾಯಿ ಎಂಬತ್ತು ಪೈಸೆ ಎಂದರೆ ಚಿಲ್ಲರೆ ಎಲ್ಲಿಂದ ತರುವುದು? ಐದು, ಹತ್ತು ಎಂಬ ಬೆಲೆ ಮುರಿದರೆ ವ್ಯಾಪಾರವೇ ಹೋಗುತ್ತದೆ ಎಂಬ ಭಯ ಅವರಿಗೆ.

ಹೋಗಲಿ, ಕಾರಣ ಏನೇ ಇರಲಿ, ಲೆಕ್ಕವನ್ನು ಮಾತ್ರ ಸರಿಯಾಗಿ ನೋಡೋಣ. 64 ಗ್ರಾಂ 55 ಆದರೆ ತೂಕ ಇಳಿದದ್ದು ನೂರಕ್ಕೆ ಹದಿನಾಲ್ಕರಷ್ಟು. ಆದರೆ ಬೆಲೆ ಏರಿದ್ದು ನೂರಕ್ಕೆ ಹದಿನಾರಕ್ಕಿಂತ ಹೆಚ್ಚು! ಮೊದಲು ಗ್ರಾಂಗೆ 7.8 ಪೈಸೆ ಇದ್ದದ್ದು 9.1 ಪೈಸೆ ಆಯಿತು. ಇನ್ನೂ ಸುಲಭವಾಗಿ ಹೇಳುತ್ತೇನೆ. ನೂರು ಗ್ರಾಂನ ವಸ್ತು ಅದೇ ಬೆಲೆಗೆ ಎಂಬತ್ತು ಗ್ರಾಂ ಆದರೆ "ಇಪ್ಪತ್ತು ಪರ್ಸೆಂಟ್ ಕಡಿಮೆ ಮಾಡಿದ್ದಾರೆ, ಅಷ್ಟೆ" ಎನ್ನುತ್ತೇವೆ. ಆದರೆ ಮೊದಲಿನ ನೂರು ಗ್ರಾಂ ಮನೆಗೆ ಬರಬೇಕಾದರೆ ಈಗ ಕಾಲು ಪಾಲು ಹೆಚ್ಚಿಗೆ ಹಣ ಕೊಡಬೇಕು. ಇಳಿದದ್ದು ಇಪ್ಪತ್ತು, ಏರಿದ್ದು ಇಪ್ಪತ್ತೈದು. ತೂಕ ಇಳಿಸಿ ಏರಿಸಿದ ಬೆಲೆ ಯಾವಾಗಲೂ ಕಂಡದ್ದಕ್ಕಿಂತ ಸ್ವಲ್ಪ ದೊಡ್ಡದೇ.

ಹಾಲಿನ ಲೆಕ್ಕ

ನಮ್ಮ ರಾಜ್ಯದ ಮಟ್ಟಿಗೆ ಇದನ್ನು ತಿಳಿಯಲು ಹಾಲಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಬೆಳಗಾಗೆದ್ದು ಬಾಗಿಲು ತೆಗೆದರೆ ಮೊದಲು ಕೈಗೆ ಬರುವುದೇ ಹಾಲಿನ ಪ್ಯಾಕೆಟ್ ಅಲ್ಲವೇ?

2023ರ ಮಾರ್ಚ್‌ನಲ್ಲಿ ನಂದಿನಿಯ ಪೂರ್ಣ ಕೆನೆಭರಿತ ಹಾಲಿನ ಒಂದು ಲೀಟರ್ ಪ್ಯಾಕೆಟ್, ಅದೇ 50 ರೂಪಾಯಿಗೆ, 900 ಮಿಲಿಲೀಟರ್ ಆಯಿತು. ಆಗಸ್ಟ್ 1ರಿಂದ ಹಾಲಿನ ದರವೇ ಲೀಟರಿಗೆ ಮೂರು ರೂಪಾಯಿ ಏರಿತು. 2024ರ ಜೂನ್ 26ರಿಂದ ಬೇರೆಯದೇ ಪದ್ಧತಿ: ಪ್ರತಿ ಪ್ಯಾಕೆಟ್ಟಿಗೂ 50 ಮಿ.ಲೀ. ಹೆಚ್ಚು ಹಾಲು, ಜೊತೆಗೆ ಎರಡು ರೂಪಾಯಿ ಹೆಚ್ಚು ಬೆಲೆ. ನೀಲಿ ಪ್ಯಾಕೆಟ್ಟಿನ ಅರ್ಧ ಲೀಟರ್ ಹಾಲು 22 ರೂಪಾಯಿಯಿಂದ 24ಕ್ಕೆ ಹೋಯಿತು, ಆದರೆ ಒಳಗೆ 550 ಮಿ.ಲೀ. ಇತ್ತು. ಹಾಲು ಹೆಚ್ಚು ಬಂತು ಎಂದು ನಾವೂ ಸುಮ್ಮನಾದೆವು. 2025ರ ಏಪ್ರಿಲ್ 1ರಿಂದ ಆ ಹೆಚ್ಚುವರಿ 50 ಮಿ.ಲೀ. ಹೋಯಿತು. ಬೆಲೆ ಮಾತ್ರ ಆ 24 ರೂಪಾಯಿಯಲ್ಲೇ ನಿಂತಿತು.

ಲೀಟರಿಗೆ ನಾಲ್ಕು ರೂಪಾಯಿ ಏರಿಕೆ ಎಂದು ಸರ್ಕಾರ ಬಹಿರಂಗವಾಗಿಯೇ ಪ್ರಕಟಿಸಿತ್ತು, ಆ ಹಣ ಹಾಲು ಉತ್ಪಾದಕರಿಗೆ ಸಲ್ಲುತ್ತದೆ ಎಂದೂ ಹೇಳಿತ್ತು. ಹಿಂಡಿ ಬೂಸಾದ ಬೆಲೆ ಬಲ್ಲವರು ರೈತನಿಗೆ ಅದು ಸಿಗಬಾರದೆಂದು ಹೇಳಲಾರರು. ನಮ್ಮ ಊರುಗಳಲ್ಲಿ ಎಷ್ಟೋ ಗೃಹಿಣಿಯರು ಬೆಳಗ್ಗೆ ಡೇರಿಗೆ ಹಾಲು ಹಾಕುವವರೂ ಹೌದು. ನನ್ನ ಮಾತು ಇಷ್ಟೇ: ಅರ್ಧ ಲೀಟರ್ ಪ್ಯಾಕೆಟ್ ಕೊಳ್ಳುವವಳ ಕೈಯಲ್ಲಿ ಮಾರ್ಚ್ 31ರಂದೂ 24 ರೂಪಾಯಿಯ ಪ್ಯಾಕೆಟ್ಟೇ, ಏಪ್ರಿಲ್ 1ರಂದೂ 24 ರೂಪಾಯಿಯ ಪ್ಯಾಕೆಟ್ಟೇ. ಏನೂ ಆಗಿಲ್ಲವೆಂದೇ ತೋರುತ್ತದೆ.

ದಿನಕ್ಕೆ ಎರಡು ಪ್ಯಾಕೆಟ್ ತರಿಸುವ ಮನೆಯಲ್ಲಿ ಆಗಿದ್ದೇನು? ದಿನಕ್ಕೆ 100 ಮಿ.ಲೀ. ಕಡಿಮೆ. ತಿಂಗಳಿಗೆ ಮೂರು ಲೀಟರ್. ಅಷ್ಟನ್ನು ತುಂಬಿಕೊಳ್ಳಬೇಕಾದರೆ ಆರು ಪ್ಯಾಕೆಟ್ ಹೆಚ್ಚಿಗೆ ತರಬೇಕು, ಅಂದರೆ 144 ರೂಪಾಯಿ. ತರದೇ ಹೋದರೆ? ಆ 100 ಮಿ.ಲೀ. ಯಾರ ಲೋಟದಿಂದ ಹೋಗುತ್ತದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಮಕ್ಕಳಿಗೆ ಹಾಲು ಕಡಿಮೆ ಮಾಡುವುದಿಲ್ಲ. ಯಜಮಾನರ ಕಾಫಿ ನೀರಾಗುವಂತಿಲ್ಲ. ಹೆಪ್ಪು ಹಾಕುವುದನ್ನು ಬಿಡುವಂತಿಲ್ಲ. ಉಳಿದದ್ದು ಸಂಜೆ ನಾವು ಕುಡಿಯುವ ಒಂದು ಲೋಟ. "ನನಗೆ ಈಗೀಗ ಕಾಫಿ ಸೇರೋದೇ ಇಲ್ಲ ಕಣೇ" ಎನ್ನುವ ಅಕ್ಕಂದಿರು ನಮ್ಮ ಬೀದಿಯಲ್ಲೇ ಇಬ್ಬರಿದ್ದಾರೆ. ಸೇರುವುದಿಲ್ಲವೋ, ಹಾಲು ಸಾಲುವುದಿಲ್ಲವೋ, ಕೇಳುವವರು ಯಾರು?

ಅದೇ 2025ರಲ್ಲಿ ಉಳಿದ ಖರ್ಚುಗಳೂ ಒಟ್ಟಿಗೆ ಬಂದವು. ಜನವರಿಯಲ್ಲಿ ಸರ್ಕಾರಿ ಬಸ್ಸಿನ ದರ ಶೇಕಡಾ 15 ಏರಿತು. ಏಪ್ರಿಲ್‌ನಲ್ಲಿ ವಿದ್ಯುತ್ತಿಗೆ ಯೂನಿಟ್ಟಿಗೆ 36 ಪೈಸೆ, ಅಡುಗೆ ಅನಿಲದ ಸಿಲಿಂಡರಿಗೆ 50 ರೂಪಾಯಿ. ತೆಂಗಿನ ನಾಡಾದ ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಕ್ವಿಂಟಲಿಗೆ 25 ಸಾವಿರ ರೂಪಾಯಿ ದಾಟಿತು. ಬೆಳೆಗಾರರಿಗೆ ಸಂತೋಷ, ಚಟ್ನಿ ಅರೆಯುವವಳಿಗೆ ಕಸಿವಿಸಿ. 2023ರ ಆಗಸ್ಟ್ ಕೊನೆಯಲ್ಲಿ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಆರಂಭವಾದಾಗ ಅದಕ್ಕೆ ಬರುತ್ತಿದ್ದ ಸಾಮಾನು, ಎರಡು ವರ್ಷದ ನಂತರ ಅಷ್ಟೇ ಹಣಕ್ಕೆ ಬರಲಿಲ್ಲ ಎಂಬುದನ್ನು ಚೀಟಿ ಹಿಡಿದು ಅಂಗಡಿಗೆ ಹೋಗುವವರಿಗೆ ಬಿಡಿಸಿ ಹೇಳಬೇಕಿಲ್ಲ.

ಬೀಗ ತೆಗೆದು ಕೀಲಿಕೈ ಕೊಟ್ಟರು

ಇದನ್ನೆಲ್ಲ ಕೇಳುವವರೇ ಇಲ್ಲವೇ? ಕಾನೂನು ಇಲ್ಲವೇ? ಇದೆ. ಆದರೆ ಅದರ ಕಥೆ ಸ್ವಲ್ಪ ವಿಚಿತ್ರ.

1977ರಲ್ಲಿ ಬಂದ ಪೊಟ್ಟಣದ ವಸ್ತುಗಳ ನಿಯಮಗಳು, ಆಮೇಲೆ ಅವುಗಳ ಜಾಗದಲ್ಲಿ ಬಂದ 2011ರ ನಿಯಮಗಳು, ಕೆಲವು ದಿನಬಳಕೆಯ ವಸ್ತುಗಳನ್ನು ಇಂತಿಷ್ಟೇ ತೂಕದಲ್ಲಿ ಪೊಟ್ಟಣ ಕಟ್ಟಬೇಕೆಂದು ಗೊತ್ತುಮಾಡಿದ್ದವು. ಟೀ, ಕಾಫಿ, ಬಿಸ್ಕತ್ತು, ಬ್ರೆಡ್ಡು, ಬೆಣ್ಣೆ, ಉಪ್ಪು, ಸೋಪು, ಖಾದ್ಯ ತೈಲ, ಬೇಳೆಕಾಳು, ಹಿಟ್ಟು ರವೆ ಎಲ್ಲ ಆ ಪಟ್ಟಿಯಲ್ಲಿದ್ದವು. ಕೆಲವು ವಿನಾಯಿತಿಗಳಿದ್ದವು, ನಿಜ. ಆದರೂ ಒಟ್ಟಿನಲ್ಲಿ ನೂರು, ಇನ್ನೂರು, ಅರ್ಧ ಕಿಲೋ ಎಂಬ ಅಳತೆ ನಮ್ಮ ಕೈಗೆ ರೂಢಿಯಾಗಿತ್ತು. 2021ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ನಿಯಮಗಳಿಗೆ ತಿದ್ದುಪಡಿ ತಂದು ಈ ಪಟ್ಟಿಯನ್ನೇ ತೆಗೆದುಹಾಕಿತು. ಇನ್ನು 85 ಗ್ರಾಂ ಕಟ್ಟಲಿ, 170 ಗ್ರಾಂ ಕಟ್ಟಲಿ, ಕಂಪೆನಿಯ ಇಷ್ಟ.

ಅದರ ಬದಲಿಗೆ ನಮಗೆ ಕೊಟ್ಟದ್ದು ಒಂದು ಸಾಲು. ಪ್ರತಿ ಪೊಟ್ಟಣದ ಮೇಲೂ ಗರಿಷ್ಠ ಮಾರಾಟ ಬೆಲೆಯ ಜೊತೆಗೆ ಒಂದು ಗ್ರಾಂಗೆ ಅಥವಾ ಒಂದು ಮಿಲಿಲೀಟರಿಗೆ ಎಷ್ಟು ಬೀಳುತ್ತದೆ ಎಂದು ಬರೆಯಬೇಕು. ಪೊಟ್ಟಣ ಒಂದು ಕಿಲೋಗಿಂತ ದೊಡ್ಡದಾದರೆ ಕಿಲೋಗೆ ಇಷ್ಟು ಎಂದು ಬರೆಯಬೇಕು. ಹಲವು ಸಲ ಮುಂದೂಡಿ ಕೊನೆಗೆ 2024ರ ಜನವರಿಯಿಂದ ಇದು ಕಡ್ಡಾಯವಾಯಿತು. ಬೆಲೆಯ ಹತ್ತಿರವೇ 'ಯು.ಎಸ್.ಪಿ.' ಎಂದು ಇಂಗ್ಲಿಷಿನಲ್ಲಿ ಸಣ್ಣಗೆ ಮುದ್ರಿಸಿರುತ್ತಾರೆ. ಇರುವೆ ಸಾಲಿನಂಥ ಅಕ್ಷರ! ಚಾಳೀಸು ಬಂದ ಕಣ್ಣಿಗೆ ಕನ್ನಡಕವಿಲ್ಲದೆ ಕಾಣುವುದಿಲ್ಲ. ಅಂಗಡಿಗೆ ಹೊರಡುವಾಗ ಚೀಲದ ಜೊತೆ ಕನ್ನಡಕವೂ ಇರಲಿ ಎಂದು ನನ್ನ ಸಲಹೆ.

ಫ್ರಾನ್ಸ್ ದೇಶದಲ್ಲಿ 2024ರ ಜುಲೈ 1ರಿಂದ, ವಸ್ತುವಿನ ತೂಕ ಇಳಿಸಿ ಅದರ ದರ ಏರಿಸಿದ್ದರೆ ದೊಡ್ಡ ಅಂಗಡಿಗಳವರೇ ಅದರ ಹತ್ತಿರ ಫಲಕ ಹಾಕಿ ಗಿರಾಕಿಗೆ ತಿಳಿಸಬೇಕೆಂಬ ನಿಯಮ ಬಂತು. ನಮ್ಮಲ್ಲಿ ಅಷ್ಟು ಆದರೆ ಸಾಕಿತ್ತು.

ಎಣ್ಣೆ ಮತ್ತು ಕಾಫಿ

ಎಣ್ಣೆಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಒಂದು ಲೀಟರ್ ಎಂದರೆ ಒಂದು ಕಿಲೋ ಅಲ್ಲ. ಸುಮಾರು 910 ಗ್ರಾಂ. ಎಣ್ಣೆ ಬಿಸಿಯಾದರೆ ಹಿಗ್ಗುತ್ತದೆ ಎಂಬುದು ಬಾಣಲೆ ಮುಂದೆ ನಿಲ್ಲುವ ನಮಗೆ ಗೊತ್ತಿರುವುದೇ. ಕೆಲವು ತಯಾರಕರು ಇದನ್ನೇ ಹಿಡಿದು, 60 ಡಿಗ್ರಿ ಉಷ್ಣತೆಯಲ್ಲಿ ಒಂದು ಲೀಟರ್ ಎಂದು ಪೊಟ್ಟಣದ ಮೇಲೆ ಬರೆಯತೊಡಗಿದ್ದರು. ಸೋಯಾ ಎಣ್ಣೆ 21 ಡಿಗ್ರಿಯಲ್ಲಿ ಲೀಟರಿಗೆ 919.1 ಗ್ರಾಂ ತೂಗಿದರೆ, 60 ಡಿಗ್ರಿಯಲ್ಲಿ 892.6 ಗ್ರಾಂ ಮಾತ್ರ. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಆಗಸ್ಟ್‌ನಲ್ಲಿ ಇದನ್ನು ಎತ್ತಿ ತೋರಿಸಿ, ಉಷ್ಣತೆಯ ಮಾತು ಬಿಟ್ಟು ಲೀಟರಿನ ಜೊತೆ ತೂಕವನ್ನೂ ಬರೆಯಬೇಕೆಂದು 2023ರ ಜನವರಿ 15ರ ಗಡುವು ಕೊಟ್ಟಿತು.

ಆದ್ದರಿಂದ ಎಣ್ಣೆ ಪೊಟ್ಟಣ ಕೈಗೆತ್ತಿಕೊಂಡರೆ ಗ್ರಾಂ ನೋಡಿ. ಅದೇ ಉದ್ದ, ಅದೇ ಅಗಲದ ಪೊಟ್ಟಣದಲ್ಲಿ 910 ಗ್ರಾಂ ಇರಬಹುದು, 850 ಗ್ರಾಂ ಕೂಡ ಇರಬಹುದು. ಒಂದು ಲೆಕ್ಕ ಹಾಕೋಣ. 910 ಗ್ರಾಂಗೆ 140 ರೂಪಾಯಿ, ಪಕ್ಕದಲ್ಲೇ 850 ಗ್ರಾಂಗೆ 135 ರೂಪಾಯಿ ಎಂದಿಟ್ಟುಕೊಳ್ಳಿ. ಐದು ರೂಪಾಯಿ ಉಳಿಯಿತೆಂದು ಎರಡನೆಯದನ್ನು ಚೀಲಕ್ಕೆ ಹಾಕಿಕೊಳ್ಳುವವರೇ ಹೆಚ್ಚು. ಆದರೆ ಮೊದಲನೆಯದು ಕಿಲೋಗೆ ಸುಮಾರು 154 ರೂಪಾಯಿ ಬಿದ್ದರೆ ಎರಡನೆಯದು ಸುಮಾರು 159 ರೂಪಾಯಿ! ಬೆಲೆಯನ್ನು ಗ್ರಾಂನಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ ಕಿಲೋ ಬೆಲೆ ಬಂತು. ಮಗನ ಫೋನಿನಲ್ಲಿ ಕ್ಯಾಲ್ಕುಲೇಟರ್ ಇದ್ದೇ ಇರುತ್ತದೆ.

ದೊಡ್ಡ ಪೊಟ್ಟಣ ಯಾವಾಗಲೂ ಅಗ್ಗ ಎಂಬುದೂ ಒಂದು ಭ್ರಮೆ. ಶ್ಯಾಂಪೂವಿನ ಚೀಟಿ ಪೊಟ್ಟಣಗಳು ಎಷ್ಟೋ ಸಲ ದೊಡ್ಡ ಬಾಟಲಿಗಿಂತ ಅಗ್ಗ ಬೀಳುತ್ತವೆ. 'ಶೇಕಡಾ 20 ಹೆಚ್ಚು' ಎಂದು ಹಳದಿ ಪಟ್ಟಿ ಹಚ್ಚಿದ್ದರೆ ಯಾವ ತೂಕಕ್ಕಿಂತ ಹೆಚ್ಚು ಎಂದು ಒಮ್ಮೆ ನೋಡಿ.

ತೂಕ ಇಳಿಯದಿದ್ದರೂ ಒಳಗಿನ ಸತ್ವ ಇಳಿಯಬಹುದು. ಇದಕ್ಕೆ ಕಾಫಿ ಪುಡಿಯೇ ಸಾಕ್ಷಿ. ದೇಶದ ಕಾಫಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಬೆಳೆಯುವುದು ನಮ್ಮ ಕರ್ನಾಟಕದಲ್ಲೇ ಆದರೂ, 2024-25ರಲ್ಲಿ ಕಾಫಿ ಬೀಜದ ಬೆಲೆ ಜಗತ್ತಿನಾದ್ಯಂತ ಏರಿದಾಗ ಮೈಸೂರು, ಚಿಕ್ಕಮಗಳೂರಿನವರಿಗೂ ರಿಯಾಯಿತಿ ಸಿಗಲಿಲ್ಲ. ಚಿಕೋರಿ ಕಾಫಿಗಿಂತ ಬಹಳ ಅಗ್ಗ. ಮಿಶ್ರಣದಲ್ಲಿ ಕಾಫಿ ನೂರಕ್ಕೆ 51 ಭಾಗಕ್ಕಿಂತ ಕಡಿಮೆ ಇರಬಾರದೆಂದು ಕಾನೂನಿದೆ. ಅಂದರೆ 49 ಭಾಗದವರೆಗೆ ಚಿಕೋರಿ ಇರಬಹುದು! ಎಷ್ಟಿದೆ ಎಂದು ಪೊಟ್ಟಣದ ಮೇಲೆ ಬರೆದಿರಲೇಬೇಕು. ಡಿಕಾಕ್ಷನ್ ಕಪ್ಪಗೆ ಇಳಿದರೂ ಕಾಫಿಯ ಘಮ ಇಲ್ಲವೆನಿಸಿದರೆ ಫಿಲ್ಟರನ್ನು ಬೈಯುವ ಮೊದಲು ಆ ಸಾಲು ಓದಿ.

ಮನೆಯಲ್ಲಿ ಏನು ಮಾಡಬಹುದು?

ಹಾಲಿನ ಲೆಕ್ಕ, ಧೋಬಿ ಲೆಕ್ಕ ಬರೆಯುವ ಪುಸ್ತಕ ನಿಮ್ಮಲ್ಲಿ ಇದ್ದೇ ಇರುತ್ತದೆ. ಅದರಲ್ಲಿ ಇನ್ನೊಂದು ಪುಟ ತೆಗೆಯಿರಿ. ತಿಂಗಳು ತಿಂಗಳೂ ಕೊಳ್ಳುವ ಹತ್ತು ಹನ್ನೆರಡು ವಸ್ತುಗಳು ಸಾಕು. ತಾರೀಖು, ತೂಕ, ಬೆಲೆ, ಗ್ರಾಂಗೆ ಎಷ್ಟು, ಮತ್ತು ಆ ವಸ್ತು ಮುಗಿದ ದಿನ. ಕೊನೆಯದು ಮುಖ್ಯ. ಟೀ ಪುಡಿ 24 ದಿನ ಬರುತ್ತಿದ್ದದ್ದು 20 ದಿನಕ್ಕೆ ಬಂದರೆ, ಆ ಸಲದ ತೂಕ ಪಕ್ಕದಲ್ಲೇ ಇರುತ್ತದೆ. ಮನೆಯಲ್ಲಿ ಯಾರಾದರೂ ಕೇಳಿದರೆ ವಾದ ಬೇಡ, ಪುಟ ತೆರೆದು ತೋರಿಸಿದರಾಯಿತು. ತಿಂಗಳ ಖರ್ಚಿಗೆ ಹೆಚ್ಚು ಹಣ ಕೇಳುವಾಗಲೂ "ಎಲ್ಲಾ ತುಟ್ಟಿಯಾಗಿದೆ ಕಣ್ರೀ" ಎನ್ನುವುದಕ್ಕಿಂತ ಅಂಕಿ ತೋರಿಸುವುದಕ್ಕೆ ಬೆಲೆ ಹೆಚ್ಚು.

ಖಾಲಿಯಾದ ಪೊಟ್ಟಣದ ಮೇಲಿನ ತೂಕ-ಬೆಲೆಯ ತುಂಡನ್ನು ಕತ್ತರಿಸಿ ಅದೇ ಪುಟಕ್ಕೆ ಅಂಟಿಸಿ. ಇದರ ಪ್ರಯೋಜನಕ್ಕೆ ಒಂದು ನಿದರ್ಶನ ಹೇಳುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಸೋಪು, ಟೂತ್‌ಪೇಸ್ಟು, ತಲೆಗೆ ಹಚ್ಚುವ ಎಣ್ಣೆ ಮುಂತಾದವುಗಳ ಜಿ.ಎಸ್.ಟಿ. ಶೇಕಡಾ 18ರಿಂದ 5ಕ್ಕೆ ಇಳಿಯಿತು. ಐದು, ಹತ್ತು ರೂಪಾಯಿಯ ಪೊಟ್ಟಣಗಳಲ್ಲಿ ಬೆಲೆ ಇಳಿಸುವ ಬದಲು ತೂಕ ಹೆಚ್ಚಿಸುತ್ತೇವೆ ಎಂದು ಹಲವು ಕಂಪೆನಿಗಳು ಹೇಳಿದವು. ಲೆಕ್ಕದ ಪ್ರಕಾರ 55 ಗ್ರಾಂನ ಬಿಸ್ಕತ್ತು ಅದೇ ಐದು ರೂಪಾಯಿಗೆ ಸುಮಾರು 62 ಗ್ರಾಂ ಆಗಬೇಕು. ಆಯಿತೇ ಇಲ್ಲವೇ? ಹಳೆಯ ಪೊಟ್ಟಣ ಇಟ್ಟುಕೊಂಡವಳು ಮಾತ್ರ ಹೇಳಬಲ್ಲಳು.

ಅಕ್ಕಿ, ಬೇಳೆ, ರವೆ, ಅವಲಕ್ಕಿ ಇವುಗಳನ್ನು ಗೊತ್ತಿರುವ ದಿನಸಿ ಅಂಗಡಿಯಲ್ಲಿ ಬಿಡಿಯಾಗಿ ತೂಗಿಸಿ ತರುವುದು ಈಗಲೂ ಲೇಸು. 2022ರ ಜುಲೈ 18ರಿಂದ 25 ಕಿಲೋವರೆಗಿನ, ಲೇಬಲ್ ಹಚ್ಚಿದ ಅಕ್ಕಿ ಬೇಳೆ ಹಿಟ್ಟಿನ ಪೊಟ್ಟಣಗಳಿಗೆ ಶೇಕಡಾ 5 ತೆರಿಗೆ ಬಂತು. ಬಿಡಿಯಾಗಿ ತೂಗಿ ಕೊಡುವುದಕ್ಕೆ ಅದನ್ನು ಹಾಕಲಿಲ್ಲ. ತಕ್ಕಡಿಯ ಮೇಲೆ ಇಲಾಖೆಯ ಮುದ್ರೆ ಇದೆಯೇ ನೋಡಿ, ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಬೇಕು. ಅಂಕಿ ಸೊನ್ನೆಗೆ ಬಂದ ಮೇಲೆ ತೂಗಿಸಿಕೊಳ್ಳಿ. ಆದರೆ ಮೆಣಸಿನ ಪುಡಿ, ಅರಿಸಿನ ಪುಡಿ ಬಿಡಿಯಾಗಿ ಬೇಡ, ಕಲಬೆರಕೆಯ ಭಯ. ಮೆಣಸಿನಕಾಯಿ, ಕೊತ್ತಂಬರಿ ತಂದು ಹುರಿದು ಗಿರಣಿಯಲ್ಲಿ ಪುಡಿ ಮಾಡಿಸಿ. ಸಾರಿನ ಪುಡಿಯ ಐವತ್ತು ಗ್ರಾಂ ಪೊಟ್ಟಣದ ಕಿಲೋ ಬೆಲೆಯನ್ನು ಒಮ್ಮೆ ಲೆಕ್ಕ ಹಾಕಿ ನೋಡಿದವರು ಮನೆಯ ಪುಡಿಗೆ ತಾವಾಗಿ ಮರಳುತ್ತಾರೆ.

ಪಾಕ ಬರೆದಿಟ್ಟುಕೊಳ್ಳುವವರಿಗೆ ಒಂದು ಸಣ್ಣ ಮಾತು. ಹಳೆಯ ಪುಸ್ತಕಗಳಲ್ಲಿ "ಶಾವಿಗೆ ಒಂದು ಪೊಟ್ಟಣ, ಬೆಣ್ಣೆ ಅರ್ಧ ಪೊಟ್ಟಣ" ಎಂದು ಬರೆದಿರುತ್ತದೆ. ಅಂದಿನ ಪೊಟ್ಟಣ ಇಂದಿನದಲ್ಲ. ಪಾಯಸ ನೀರಾಗಿ, ಬರ್ಫಿ ಗಟ್ಟಿಯಾಗದೆ ಕೈಕೊಟ್ಟರೆ ಅದೂ ನಿಮ್ಮ ಕೈಗುಣವಲ್ಲ. ಮಗಳಿಗೋ ಸೊಸೆಗೋ ಬರೆದುಕೊಡುವಾಗ ಗ್ರಾಂ ಲೆಕ್ಕದಲ್ಲಿ, ಇಲ್ಲವೇ ಪಾವು, ಲೋಟದ ಲೆಕ್ಕದಲ್ಲಿ ಬರೆಯಿರಿ.

ಇನ್ನು ದೂರಿನ ವಿಷಯ. ಶೆಟ್ಟರ ಜೊತೆ ಜಗಳ ಆಡಿ ಪ್ರಯೋಜನವಿಲ್ಲ; "ನಾನೇನ್ ಮಾಡ್ಲಿ ತಾಯೀ, ಕಂಪೆನಿಯಿಂದ್ಲೇ ಹಿಂಗ್ ಬರುತ್ತೆ" ಎನ್ನುವ ಅವರ ಮಾತು ನಿಜವೇ. ಕಡಿಮೆ ತೂಕವನ್ನು ಪೊಟ್ಟಣದ ಮೇಲೆ ಸರಿಯಾಗಿ ಬರೆದಿದ್ದರೆ ಅದು ಅಪರಾಧವಲ್ಲ. ಆದರೆ ಬರೆದದ್ದಕ್ಕಿಂತ ಒಳಗೆ ಕಡಿಮೆ ಇದ್ದರೆ, ನಿಯಮ ಒಪ್ಪುವ ಅತ್ಯಲ್ಪ ವ್ಯತ್ಯಾಸ ಬಿಟ್ಟು, ಅದು ಅಪರಾಧ. ಮುದ್ರಿತ ಬೆಲೆಗಿಂತ ಹೆಚ್ಚು ಕೇಳುವುದೂ, ಕಡ್ಡಾಯವಿದ್ದಲ್ಲಿ ಗ್ರಾಂ ಬೆಲೆ ಹಾಕದಿರುವುದೂ ಅಪರಾಧವೇ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕಾನೂನು ಮಾಪನಶಾಸ್ತ್ರ ಇಲಾಖೆ, ಹಳಬರ ಮಾತಿನಲ್ಲಿ ತೂಕ ಮತ್ತು ಅಳತೆ ಇಲಾಖೆ. ತೂಕದಲ್ಲಿ ಅನುಮಾನ ಬಂದರೆ ಪೊಟ್ಟಣವನ್ನು ಒಡೆಯದೆ, ಅಂಗಡಿಯ ರಸೀದಿಯೊಂದಿಗೆ ಇಟ್ಟುಕೊಳ್ಳಿ. ಒಡೆದ ಪೊಟ್ಟಣ ತೆಗೆದುಕೊಂಡು ಹೋದರೆ ಒಳಗೆ ಎಷ್ಟಿತ್ತೆಂದು ತೋರಿಸುವುದು ಕಷ್ಟ.